ನನ್ನ ಕೌಂಟರಿನ ಎದುರು ನಾನೇ ಗಿರಾಕಿ

ಆರು ಸೀರೆಯ ಒಂದು ಸೆಟ್ಟಿಗೆ ನಾನು ಕೊಟ್ಟದ್ದು ನಾಲ್ಕು ಸಾವಿರದ ಎಂಟುನೂರು ರೂಪಾಯಿ. ಸೂರತ್ತಿನಲ್ಲಿ ನಾನು ಕೆಲಸ ಮಾಡುವ ಅಂಗಡಿಯದೇ ಮಾಲು. ಅಲ್ಲೇ ತೆಗೆದುಕೊಂಡಿದ್ದರೆ ಆರುನೂರು ಕಡಿಮೆಗೆ ಸಿಗುತ್ತಿತ್ತು. ಆ ಆರುನೂರು ಹೊಟ್ಟೆಕಿಚ್ಚಿನ ಬಾಬ್ತು. ಯಾಕೆಂದರೆ ಆ ಸೀರೆಗಳನ್ನು ನಾನು ಕೊಂಡದ್ದು ರಾಣೆಬೆನ್ನೂರಿನ ಒಂದು ಬಟ್ಟೆ ಅಂಗಡಿಯಲ್ಲಿ, ಫೋನಿನ ಕ್ಯಾಮೆರಾಕ್ಕೆ ಕಾಣದ ಹಾಗೆ ಗಂಟುಗಳ ಹಿಂದೆ ಕುಳಿತು, ನಾನೇ ಕಟ್ಟಿ ಬೆಳೆಸಿದ ಕೌಂಟರಿನ ಹುಡುಗಿಯ ಜೊತೆ ಇನ್ನೊಬ್ಬರ ಬಾಯಿಂದ ಚೌಕಾಸಿ ಮಾಡಿಸಿ. ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮವರಿಗೆ ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ನಾವು ಸೂರತ್ತಿಗೆ ಬಂದೆವು. ಮನೆ ನೋಡಲು ಹೋದ ದಿನ ಮಾಲಕಿ ಮೊದಲು ಕೇಳಿದ್ದು, ‘ಕಾಂದಾ-ಲಸಣ್ ಖಾವ್ ಛೋ?’ ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತೀರಾ ಎಂದು. ನಮ್ಮ ಕಡೆ ಯಾವ ಮಂದಿ ಎಂದು ಕೇಳುತ್ತಾರೆ, ಇಲ್ಲಿ ಒಗ್ಗರಣೆಗೆ ಏನು ಹಾಕುತ್ತೀರಿ ಎಂದು ಕೇಳುತ್ತಾರೆ. ತಿಳಿದುಕೊಳ್ಳುವುದು ಎರಡರಿಂದಲೂ ಒಂದೇ. ನಾನು ನನ್ನ ಮುರುಕು ಹಿಂದಿಯಲ್ಲಿ, ಬಾಡಿಗೆಯಲ್ಲಿ ಐನೂರು ಬಿಡಿ, ಬೆಳ್ಳುಳ್ಳಿ ಬಿಡುತ್ತೇನೆ ಎಂದೆ. ಆಕೆ ನಕ್ಕಳು. ಬಾಡಿಗೆ ಇಳಿಯಲಿಲ್ಲ, ಬೆಳ್ಳುಳ್ಳಿಯನ್ನು ನಾನೂ ಬಿಡಲಿಲ್ಲ, ಮನೆ ಮಾತ್ರ ಸಿಕ್ಕಿತು.

ಊರಲ್ಲಿದ್ದಾಗ ನಾನು ಮನೆಮನೆಗೆ ಹೋಗಿ ಕಂತಿನ ಮೇಲೆ ಸೀರೆ ಮಾರುತ್ತಿದ್ದವಳು. ಇಲ್ಲಿ ರಿಂಗ್ ರೋಡಿನ ಸೀರೆ ಮಾರ್ಕೆಟ್ಟಿನಲ್ಲಿ ಅಂಗಡಿಗಳ ಸಾಲಿಗೆ ಕೊನೆಯೇ ಇಲ್ಲ, ಲಿಫ್ಟಿನಲ್ಲಿ ಮನುಷ್ಯರಿಗಿಂತ ಗಂಟುಗಳೇ ಹೆಚ್ಚು. ಒಂದು ಸಗಟು ಅಂಗಡಿಗೆ ಹೋಗಿ ಸೇಠರ ಮುಂದೆ ನಿಂತು, ‘ಕರ್ನಾಟಕದ ಅಂಗಡಿಯವರ ಭಾಷೆ ನನಗೆ ಬರುತ್ತದೆ, ನಿಮಗೆ ಬರುವುದಿಲ್ಲ, ಎಷ್ಟು ಕೊಡುತ್ತೀರಿ?’ ಎಂದು ಕೇಳಿದೆ. ಸೇಠ್ ಎಂದರೆ ಮನಸುಖ್‌ಭಾಯಿ. ಎತ್ತರದ ಕುರ್ಚಿ ಇಲ್ಲ, ಬಿಳಿ ಹಾಸಿನ ಗಾದಿಯ ಮೇಲೆ ಬರಿಗಾಲಲ್ಲಿ ಎಲ್ಲರ ಜೊತೆ ಕೂತಿರುತ್ತಾರೆ. ನಮ್ಮಲ್ಲಿ ಯಜಮಾನರಾದವರು ಸ್ವಲ್ಪ ದೂರ ಕೂತು ಕೆಮ್ಮಿದರೂ ಮಂದಿ ಎದ್ದು ನಿಲ್ಲುತ್ತಾರೆ. ಇಲ್ಲಿ ಯಜಮಾನನೂ ಭಾಯಿ, ಗಂಟು ಹೊರುವವನೂ ಭಾಯಿ. ನಾನು ಪಾರ್ವತಿ ಮೇಡಂ ಆಗಬೇಕೆಂದಿದ್ದೆ, ಮೊದಲ ದಿನವೇ ಪಾರೂಬೆನ್, ಅಂದರೆ ಪಾರೂ ಅಕ್ಕ, ಆದೆ.

ಕುರ್ಚಿಯೇ ಇಲ್ಲದ ಕಡೆ ಎತ್ತರವಾಗುವುದು ಹೇಗೆ? ನಾನು ಬಾಯಿಂದ ಎತ್ತರವಾದೆ. ನನ್ನ ಕೈಕೆಳಗೆ ಏಳೆಂಟು ಹುಡುಗಿಯರ ಕರ್ನಾಟಕ ಕೌಂಟರ್ ತಯಾರಾಯಿತು. ನಮ್ಮ ಕಡೆಯ ಅಂಗಡಿಯವರು ವಿಡಿಯೋ ಕರೆ ಮಾಡುತ್ತಾರೆ, ನಾವು ಸೀರೆ ಬಿಚ್ಚಿ ತೋರಿಸುತ್ತೇವೆ, ಅವರು ಆರ್ಡರ್ ಕೊಡುತ್ತಾರೆ. ಬೆಳಿಗ್ಗೆ ಬಂದೊಡನೆ ನಾನು ಒಬ್ಬೊಬ್ಬಳನ್ನೂ ಹೆಸರು ಹಿಡಿದು ಕೂಗಿ, ನಿನ್ನೆಯ ಗಿರಾಕಿಯ ಅಣಕು ಮಾಡಿ ನಗಿಸಿ, ದಿನಕ್ಕೊಬ್ಬಳನ್ನು ಎಲ್ಲರ ಮುಂದೆ ಹೊಗಳುತ್ತಿದ್ದೆ. ಹೊಗಳಿಕೆ ಸಿಕ್ಕವಳು ಒಂದು ಪಾಲು ಹೆಚ್ಚು ದುಡಿದರೆ, ಸಿಗದವರು ಎರಡು ಪಾಲು ದುಡಿಯುತ್ತಿದ್ದರು. ಯಾರ ತಾಯಿಗೆ ಮಂಡಿ ನೋವು, ಯಾರ ಸಂಬಂಧ ಮುರಿಯಿತು ಎಲ್ಲವೂ ನನಗೆ ಬಾಯಿಪಾಠ. ಊರಿಂದ ತಂದ ಬ್ಯಾಡಗಿ ಖಾರದಪುಡಿಯನ್ನು ಅವರ ಸಿಹಿ ದಾಲ್ ಮೇಲೆ ನಾನೇ ಉದುರಿಸುತ್ತಿದ್ದೆ. ಕರೆ ಬಂದಾಗ ಮಾತ್ರ ಫೋನ್ ನನ್ನ ಕೈಯಲ್ಲಿ. ಅವರು ಸೀರೆ ಹಿಡಿದು ನಿಲ್ಲಬೇಕು, ಮಾತು ನನ್ನದು.

‘ಅಣ್ಣಾರ, ಫೋನಿನ್ಯಾಗ ಕೈ ಹಾಕಿ ಮುಟ್ಟಾಕ ಬರಂಗಿಲ್ಲ, ನನ್ನ ಕೈಲೆ ನೋಡ್ರಿ’ ಎನ್ನುತ್ತಾ ಸೀರೆಯನ್ನು ಮುಷ್ಟಿಯಲ್ಲಿ ಹಿಂಡಿ, ಕ್ಯಾಮೆರಾದ ಮುಂದೆ ಬಿಡುವುದು ನನ್ನ ಪಟ್ಟು. ಒಂದು ಸುಕ್ಕೂ ಇರುತ್ತಿರಲಿಲ್ಲ. ಆಚೆ ಕಡೆಯವರು ನಗುತ್ತಿದ್ದರು, ನಕ್ಕವರು ಬರಿಗೈಲಿ ಹೋಗುತ್ತಿರಲಿಲ್ಲ.

ಹೇತಲ್ ಬಂದದ್ದು ಆಮೇಲೆ. ಸೌರಾಷ್ಟ್ರದ ಹುಡುಗಿ, ತೆಳ್ಳಗೆ, ಕಣ್ಣು ಮಾತ್ರ ಎಲ್ಲ ಕಡೆ. ಒಂದೇ ವರ್ಷದಲ್ಲಿ ನನ್ನ ಕನ್ನಡವನ್ನು ಕಿವಿಯಿಂದಲೇ ಕಲಿತಳು. ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತಾಳೆ. ಈ ಹೇತಲ್ ನಾನು ಗುಜರಾತಿಯಲ್ಲಿ ಬೈದರೆ, ‘ಯವ್ವಾ, ಸಿಟ್ಟಿಗೇಳಬ್ಯಾಡ್ರಿ’ ಎನ್ನುತ್ತಿದ್ದಳು. ಆಗ ಹೆಮ್ಮೆಯಾಗುತ್ತಿತ್ತು. ಕಿಚ್ಚು ಹತ್ತಿದ್ದು ದೀಪಾವಳಿಗೆ.

ಅದಕ್ಕೆ ಮೊದಲು ಸೇಠರು ವಡೋದರಾದ ಅಲ್ಕಾಪುರಿಯಲ್ಲಿ ಹೊಸ ಚಿಲ್ಲರೆ ಅಂಗಡಿ ತೆರೆಯುವ ಮಾತೆತ್ತಿ, ‘ಪಾರೂಬೆನ್, ನೀವೇ ಹೋಗಿ ನಡೆಸಿ’ ಎಂದಿದ್ದರು. ಗಂಡ, ಮಗಳು, ಮನೆ ಸೂರತ್ತಿನಲ್ಲಿ. ನಾನು ಬುದ್ಧಿವಂತಿಕೆಯಿಂದ ಹೇಳಿದೆ: ‘ನಾನು ಎದ್ದು ಹೋದರೆ ಕರ್ನಾಟಕ ಕೌಂಟರ್ ಮಲಗಿಬಿಡುತ್ತದೆ ಭಾಯಿ, ನಿಮಗೇ ನಷ್ಟ.’ ಅವರು ಸೋಂಪು ಅಗಿದರು. ‘ಲಾಭ ಪಾಂಚಮ್ ಆಗಲಿ, ನೋಡೋಣ’ ಎಂದರು.

ಲಾಭ ಪಾಂಚಮ್ ಎಂದರೆ ದೀಪಾವಳಿಯ ನಂತರದ ಪಂಚಮಿ. ಹಬ್ಬಕ್ಕೆ ಮುಚ್ಚಿದ ಮಾರ್ಕೆಟ್ ಅಂದು ತೆರೆಯುತ್ತದೆ. ಊರಿಗೆ ಹೋದ ಕೆಲಸದವರಲ್ಲಿ ಯಾರು ಯಾರ ಗಾದಿಗೆ ಮರಳಿ ಬಂದರು, ಯಾರು ಎದುರಿನ ಅಂಗಡಿ ಹೊಕ್ಕರು ಎಂಬುದು ಗೊತ್ತಾಗುವುದೂ ಅಂದೇ. ನಮ್ಮಲ್ಲಿ ಪಾಡ್ಯದ ಪೂಜೆ ಮುಗಿದರೆ ಅಂಗಡಿ ಶುರು. ಇಲ್ಲಿ ಐದನೆಯ ದಿನದವರೆಗೆ ಎಲ್ಲ ಯಜಮಾನರ ಎದೆಯೂ ಡವಡವ. ಆ ದಿನ ನಾನು ಎಂದೂ ತಪ್ಪಿಸಿಕೊಂಡವಳಲ್ಲ. ಆ ಸಲ ತಂಗಿಯ ಮಗಳ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸುವ ಕಾರ್ಯ, ದೊಡ್ಡಮ್ಮ ಇಲ್ಲದೆ ನಡೆಯುವುದಿಲ್ಲ. ಊರಲ್ಲೇ ಉಳಿದೆ. ನಿಜ ಹೇಳಬೇಕೆಂದರೆ ಸಂತೋಷದಿಂದಲೇ ಉಳಿದೆ. ನಾನಿಲ್ಲದ ಕೌಂಟರ್ ಮಂಕಾಗಲಿ, ವಡೋದರಾದ ಮಾತು ಅಲ್ಲಿಗೇ ನಿಲ್ಲಲಿ ಎಂಬ ಲೆಕ್ಕ.

ಪಂಚಮಿಯ ಬೆಳಿಗ್ಗೆ ಸೇಠರಿಗೆ ಫೋನ್ ಮಾಡಿ ಹುಡುಗಿಯರು ಬಂದರೇ ಎಂದು ಕೇಳಿದೆ. ‘ಚಿಂತಾ ನಾ ಕರೋ ಪಾರೂಬೆನ್, ಹೇತಲ್ ಛೇ ನೇ!’ ಚಿಂತೆ ಬೇಡ, ಹೇತಲ್ ಇದ್ದಾಳಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಅಂದು ನನಗೆ ಹತ್ತಿದ ಉರಿ ಆ ಕಾಯಿಯದಲ್ಲ.

ಚಪ್ಪಲಿ ಮೆಟ್ಟಿ ನೇರವಾಗಿ ಬಸಣ್ಣನ ಅಂಗಡಿಗೆ ಹೋದೆ. ಬಸಣ್ಣ ನಮ್ಮ ಹಳೆಯ ಗಿರಾಕಿ, ಸಂಬಂಧದಲ್ಲಿ ಅಣ್ಣನಾಗಬೇಕು.

‘ಅಣ್ಣಾ, ಸೂರತ್ತಿಗೆ ವಿಡಿಯೋ ಹಚ್ಚು. ನಾ ಇದ್ದೀನಂತ ಹೇಳಬ್ಯಾಡ. ನಾ ಹೇಳಿದಂಗ ರೇಟ್ ಕೇಳು.’

‘ಏನ್ಬೇ ಪಾರೂ, ನಿನ್ನ ಅಂಗಡೀಗೆ ನೀನ ಗುದ್ದಲಿ ಹಿಡದಿಯಲ್ಲ!’

‘ಕಡಿಮಿಗೆ ಸಿಕ್ರ ನಿನಗ ಲಾಭ ಇಲ್ಲೇನು?’

‘ಹಂಗಂದ್ರ ಹಚ್ಚತೇನಿ ತಗೋ.’

ಹುಡುಗಿ ಸೋತು ದರ ಬಿಟ್ಟರೆ ನನಗೆ ಸಾಕ್ಷಿ ಸಿಕ್ಕಿತು. ಸೇಠರ ಮುಂದೆ ಅದನ್ನೇ ಇಡಬಹುದು. ಗಂಟುಗಳ ಹಿಂದೆ ಕುಕ್ಕರಗಾಲಲ್ಲಿ ಕೂತೆ. ನನಗೆ ಫೋನ್ ಓರೆಯಾಗಿ ಕಾಣುತ್ತಿತ್ತು.

ಹೇತಲ್ ನನ್ನ ಜಾಗದಲ್ಲಿ ಕೂತಿದ್ದಳು. ‘ಅಣ್ಣಾರ, ಫೋನಿನ್ಯಾಗ ಕೈ ಹಾಕಾಕ ಬರಂಗಿಲ್ಲ’ ಎಂದು ಶುರು ಮಾಡಿದಳು. ನನ್ನ ಮಾತು, ನನ್ನ ರಾಗ, ಕೊನೆಗೆ ಗಂಟಲಲ್ಲಿ ನಗುವುದೂ ನನ್ನದೇ. ಅಷ್ಟಕ್ಕೇ ಮುಗಿದಿದ್ದರೆ ಕಳ್ಳಿ ಎಂದು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಮುಷ್ಟಿಯಲ್ಲಿ ಹಿಂಡುವ ಹೊತ್ತಿಗೆ ಅವಳು ಫೋನನ್ನು ಕಂಚನ್ ಕಡೆ ತಿರುಗಿಸಿ ಸೀರೆಯನ್ನು ಅವಳ ಕೈಗೆ ಕೊಟ್ಟಳು. ‘ಈಕಿ ಕೈಲೆ ನೋಡ್ರಿ.’ ಕಂಚನ್ ನನ್ನ ಕಾಲದಲ್ಲಿ ಬಾಯಿ ಬಿಡದೆ ಸೀರೆ ಹಿಡಿದು ನಿಲ್ಲುತ್ತಿದ್ದವಳು, ಇವರಿಗೂ ನನ್ನ ಕನ್ನಡ ಕಿವಿಯಿಂದಲೇ ಬಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ನಮ್ಮ ಕಡೆಯ ಹಾಗೆ ಸೆರಗು ಹೊದ್ದು, ‘ಬಸಣ್ಣಾರ, ಚಂದ ಕಾಣ್ತೀನೋ ಇಲ್ಲೋ?’ ಎಂದಳು. ಹಿಂದಿನಿಂದ ಇನ್ನೊಬ್ಬಳು, ‘ಇಲ್ಲ ಅಂದ್ರ ರೇಟ್ ಏರಸ್ತೀವಿ!’ ಎಂದು ಕೂಗಿದಳು. ಕೌಂಟರೇ ಬಿದ್ದು ನಕ್ಕಿತು.

ಆ ನಗುವೇ ನನ್ನನ್ನು ಸುಟ್ಟದ್ದು. ನಾನಿದ್ದಾಗಲೂ ಅವರು ನಗುತ್ತಿದ್ದರು, ಆದರೆ ನನ್ನ ಮಾತಿಗೆ. ಈಗ ತಮ್ಮ ತಮ್ಮ ಮಾತಿಗೆ ನಗುತ್ತಿದ್ದರು. ನನ್ನ ಸೆಳೆತ ಎಂದುಕೊಂಡಿದ್ದು ಅವರೆಲ್ಲರ ಬಾಯಿಯನ್ನು ನಾನೊಬ್ಬಳೇ ಆಡಿಸುವುದಾಗಿತ್ತೇನೋ ಎಂಬ ಅನುಮಾನ ಅಲ್ಲೇ, ಆ ಗಂಟುಗಳ ನಡುವೆ ಹುಟ್ಟಿತು. ಅನುಮಾನ ಹುಟ್ಟಿದರೂ ನಾನು ಬಿಡಲಿಲ್ಲ. ‘ಇಪ್ಪತ್ತು ಇಳಸು ಅನ್ನು’ ಎಂದು ಪಿಸುಗುಟ್ಟಿದೆ. ಬಸಣ್ಣ ಅಂದ. ಹೇತಲ್ ನಕ್ಕಳು, ಇಳಿಸಲಿಲ್ಲ. ‘ಹತ್ತು ಅನ್ನು.’ ಇಲ್ಲ. ‘ಎದುರಿನ ಅಂಗಡ್ಯಾಗ ಕಡಿಮಿ ಐತಿ ಅನ್ನು.’ ‘ಅಲ್ಲಿ ನಗೋ ಮಂದಿ ಇಲ್ರಿ ಅಣ್ಣಾರ’ ಎಂದಳು. ಕೊನೆಗೆ ನನ್ನ ಬ್ರಹ್ಮಾಸ್ತ್ರ, ನನಗೆಂದು ಸೀರೆ ಕೊಳ್ಳುವಾಗಲೆಲ್ಲ ಹುಡುಗಿಯರ ಎದುರೇ ಬಿಡುತ್ತಿದ್ದದ್ದು: ‘ಸೆಟ್ಟಿಗೆ ಒಂದು ಬ್ಲೌಸ್ ಪೀಸ್ ಪುಕ್ಕಟೆ ಕೇಳು.’

ಬಸಣ್ಣ ಕೇಳಿದ. ಹೇತಲ್ ಕ್ಯಾಮೆರಾದ ಹತ್ತಿರ ಬಂದಳು.

‘ಅಣ್ಣಾರ, ಮೂರು ಸಲ ಇಳಸು ಅಂದು, ಆಗಲಿಲ್ಲಂದ ಮ್ಯಾಲೆ ಬ್ಲೌಸ್ ಪೀಸ್ ಕೇಳಾವ್ರು ನನಗ ಗೊತ್ತಿದ್ದಂಗ ಒಬ್ಬರ. ನಿಮ್ಮ ಬಾಜೂಕ ಕುಂತಾರಲ್ಲ, ಅಕ್ಕಾರು, ಅವರಿಗೆ ಸಾಲ್ ಮುಬಾರಕ್ ಹೇಳ್ರಿ.’

ಅದು ಗುಜರಾತಿಗಳ ಹೊಸವರ್ಷದ ಶುಭಾಶಯ. ಬಸಣ್ಣ ಹೊಟ್ಟೆ ಹಿಡಿದು ನಗುತ್ತಾ ಫೋನನ್ನು ನನ್ನ ಕಡೆ ತಿರುಗಿಸಿಯೇಬಿಟ್ಟ. ಬಾಗಿ ಕೂತಿದ್ದ ನನ್ನನ್ನು ಇಡೀ ಕೌಂಟರ್ ನೋಡಿತು. ಎಲ್ಲರೂ ಕೈಬೀಸಿದರು. ನಾನೂ ಬೀಸಿದೆ, ಮತ್ತೇನು ಮಾಡುವುದು? ಮರ್ಯಾದೆ ಉಳಿಸಿಕೊಳ್ಳಲು, ‘ಕುಬಸಕ್ಕ ಹಸಿರು ಸೆಟ್ ಬೇಕಾಗಿತ್ತವ್ವಾ, ಅದಕ್ಕ ಬಂದಿದ್ದೆ’ ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳಿದ ಮೇಲೆ ಕೊಳ್ಳಲೇಬೇಕಾಯಿತು. ‘ನಿಮಗಂತ ಸಿಬ್ಬಂದಿ ರೇಟ್ ಹಾಕ್ಲೇನ್ರಿ?’ ಎಂದು ಕೇಳಿದಳು. ಬೇಡ ಎಂದೆ. ಗಿರಾಕಿಯ ಕಡೆ ಕೂತವಳಿಗೆ ಗಿರಾಕಿಯ ದರವೇ ಇರಲಿ ಎಂಬ ಹಟ.

ಸೂರತ್ತಿಗೆ ಮರಳಿದಾಗ ಹೇತಲ್ ಎದ್ದು ಜಾಗ ಬಿಟ್ಟಳು. ಫೋನನ್ನೂ ಮುಂದೆ ಚಾಚಿದಳು. ಅಷ್ಟರಲ್ಲಿ ಅದು ರಿಂಗಾಯಿತು, ಪರದೆಯ ಮೇಲೆ ಬಸಣ್ಣನ ಹೆಸರು. ‘ನೀನ ಎತ್ತು’ ಎಂದೆ. ಗಾದಿಯ ಆ ತುದಿಯಿಂದ ಮನಸುಖ್‌ಭಾಯಿ ನೋಡುತ್ತಿದ್ದರು. ವರ್ಷಗಟ್ಟಲೆ ನಾನು ಬಾಯಿಂದ ಗಳಿಸಿದ್ದನ್ನು ಈ ಮನುಷ್ಯ ಸೋಂಪು ಅಗಿಯುತ್ತಾ ಗಳಿಸಿದ್ದು ಹೇಗೆ ಎಂದು ಅವರ ಮೇಲೂ ಹೊಟ್ಟೆ ಉರಿಯಿತು. ಹತ್ತಿರ ಹೋಗಿ, ಕೌಂಟರ್ ಇನ್ನು ಮಲಗುವುದಿಲ್ಲ, ವಡೋದರಾಕ್ಕೆ ನಾನೇ ಹೋಗುತ್ತೇನೆ, ಸಂಬಳ ಇಷ್ಟಾಗಬೇಕು, ಶನಿವಾರ ರಾತ್ರಿಯ ಗಾಡಿಗೆ ಬಿಡಬೇಕು ಎಂದೆ. ಎರಡಕ್ಕೂ ತಲೆಯಾಡಿಸಿದರು. ಇನ್ನೂ ಹೆಚ್ಚು ಕೇಳಬೇಕಿತ್ತು.

ಈಗ ವಡೋದರಾದ ಅಲ್ಕಾಪುರಿಯಿಂದ ಬರೆಯುತ್ತಿದ್ದೇನೆ. ವಾರವೆಲ್ಲ ಇಲ್ಲಿ, ಭಾನುವಾರ ಸೂರತ್ತಿನಲ್ಲಿ. ರಾಣೆಬೆನ್ನೂರಿನಲ್ಲಿ ನಾನು ಸೂರತ್ತಿನ ಅಕ್ಕ, ಸೂರತ್ತಿನಲ್ಲಿ ವಡೋದರಾದ ಬೆನ್, ಇಲ್ಲಿ ಕರ್ನಾಟಕದ ಬೆನ್. ಎಲ್ಲಿದ್ದೇನೋ ಆ ಊರಿನ ಹೆಸರು ಮಾತ್ರ ನನಗೆ ಅಂಟುವುದಿಲ್ಲ. ಇಲ್ಲಿನ ಹುಡುಗಿಯರಿಗೆ ನನ್ನ ಮಾತು ಕಲಿಸಿಲ್ಲ, ಅವರವರ ಮಾತನ್ನೇ ಆಡಲಿ ಎಂದು ಬಿಟ್ಟಿದ್ದೇನೆ. ನಾಲಗೆ ತುರಿಸುತ್ತದೆ, ತಡೆದುಕೊಳ್ಳುತ್ತೇನೆ. ಮೊನ್ನೆ ಬಸಣ್ಣ ಹೇಳಿದ, ಸೂರತ್ತಿಗೆ ಕರೆ ಮಾಡುವ ಅಂಗಡಿಯವರು ಯಾರೂ ಈಗ ಅಕ್ಕಾರು ಎಲ್ಲಿ ಎಂದು ಕೇಳುವುದಿಲ್ಲವಂತೆ. ಕೇಳದಿದ್ದರೆ ಬೇಡ. ಎರಡು ದಿನ ಊಟ ರುಚಿಸಲಿಲ್ಲ.

ನೀವು ಈ ಕಡೆ ಬರುವವರಾದರೆ ನನ್ನ ಮಾತು ಕೇಳಿ. ಮನೆ ಮಾಲಕಿಗೆ ಬೆಳ್ಳುಳ್ಳಿಯ ವಿಷಯ ಮೊದಲೇ ಹೇಳಿಬಿಡಿ. ಹೆಸರಿನ ಮುಂದೆ ಬೆನ್, ಭಾಯಿ ಹಚ್ಚಿದರೆ ಮುಖ ಗಂಟಿಕ್ಕಬೇಡಿ. ಲಾಭ ಪಾಂಚಮ್‌ಗೆ ಊರಲ್ಲಿ ಯಾರ ಕುಬಸವಿದ್ದರೂ ಗಾದಿಯ ಮೇಲೆ ಇರಿ. ನಿಮ್ಮ ಮಾತಿಗೆ ಮಂದಿ ಮರುಳಾಗುತ್ತಾರೆಂದರೆ ಅದನ್ನು ಒಬ್ಬಳಿಗಾದರೂ ಕಲಿಸಿ, ಆದರೆ ಕಲಿಸುವ ಮೊದಲೇ ನಿಮ್ಮ ಸಂಬಳ ಏರಿಸಿಕೊಳ್ಳಿ. ನೀವಿಲ್ಲದಾಗ ಕೆಲಸ ಹೇಗೆ ನಡೆಯುತ್ತದೆಂದು ಕದ್ದು ನೋಡಲು ಹೋಗಬೇಡಿ. ಹೊಟ್ಟೆಕಿಚ್ಚು ತಡೆಯದೆ ಹೋದಿರೋ, ಗಂಟುಗಳ ಹಿಂದೆ ಸರಿಯಾಗಿ ಬಚ್ಚಿಟ್ಟುಕೊಳ್ಳಿ, ಬ್ಲೌಸ್ ಪೀಸ್ ಮಾತ್ರ ಕೇಳಬೇಡಿ.