ಮೂರು ದಿನ ಬರದಿದ್ದರೆ ಚಿಕ್ಕಗಂಗಮ್ಮ ಬರುತ್ತಾರೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಬ್ಬಿ ಪಕ್ಕದ ಹಳ್ಳಿಯೊಂದರಲ್ಲಿ ಬೀರಯ್ಯನವರ ಮನೆ ಜಗಲಿಯ ಮೇಲೆ ಚಿಕ್ಕಗಂಗಮ್ಮ ಬಂದು ಕೂತಾಗಿದೆ. ಒಂಬತ್ತನೇ ಕ್ಲಾಸಿನ ಈ ಮನೆಯ ಹುಡುಗಿ ಮೂರು ದಿನದಿಂದ ಶಾಲೆಗೆ ಬಂದಿಲ್ಲ.

"ಕಳೆ ಕೀಳಾಕೆ ಆಳಿಲ್ಲ ಕಣಮ್ಮ," ಎನ್ನುತ್ತಾರೆ ಬೀರಯ್ಯ.

"ಭಾನುವಾರ ನಾನೇ ಬಂದು ಕೀಳ್ತೀನಿ. ಈಗ ಮಗೀನ ಕಳ್ಸು."

ಅಷ್ಟರಲ್ಲಿ ಹುಡುಗಿ ಜಡೆ ಹೆಣೆದುಕೊಂಡು ಬಾಗಿಲಿಗೆ ಬಂದು ನಿಂತಿರುತ್ತಾಳೆ. ಭಾನುವಾರ ಚಿಕ್ಕಗಂಗಮ್ಮ ಹೊಲಕ್ಕೆ ಹೋಗುವುದೂ ಅಷ್ಟೇ ಖಂಡಿತ.

ಚಿಕ್ಕಗಂಗಮ್ಮ ಹೈಸ್ಕೂಲಿನ ಆಯಾ. ಗಂಟೆ ಹೊಡೆಯುವುದು, ನೀರು ತುಂಬುವುದು ಅವರ ಕೆಲಸ. ಓದು ಬಾರದು. ಗುಮಾಸ್ತ ವೆಂಕಟರಂಗಯ್ಯನವರು ಹಾಜರಿ ಪುಸ್ತಕ ನೋಡಿ ಹೇಳುವ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು, ಅಪ್ಪಂದಿರು ಹೊಲಕ್ಕೆ ಹೊರಡುವ ಮೊದಲೇ ಹೋಗಿ ಹಿಡಿಯುತ್ತಾರೆ. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಕೆಲಸಕ್ಕೆ ಸೇರಿದವರು. ಈ ಹನ್ನೊಂದು ವರ್ಷದಲ್ಲಿ ಹಾಗೆ ಮರಳಿ ಬಂದ ಮಕ್ಕಳು ಅರವತ್ತನಾಲ್ಕು ಎಂದು ಲೆಕ್ಕ ಹೇಳುವವರು ವೆಂಕಟರಂಗಯ್ಯ. ಈಕೆ ಎಣಿಸಿಲ್ಲ.

ಇದನ್ನು ಯಾರೂ ಅವರಿಗೆ ವಹಿಸಿದ್ದಲ್ಲ. "ಈ ಕೆಲ್ಸ ಸಿಕ್ಕಾಗ ನನ್ನ ಕೊನೇ ಕೂಸು ನೋಡ್ಕಳಾಕೆ ಅಂತ ದೊಡ್ಡ ಮಗಳನ್ನ ನಾನೇ ಸ್ಕೂಲು ಬಿಡಿಸ್ದೆ. ಗಂಡನ ಮನೆಗೆ ಹೊರಟಾಗ ಅವಳು, 'ಇನ್ನೆರಡು ವರ್ಷ ಓದ್ಸಿದ್ರೆ ಸಾಕಿತ್ತಲ್ಲವ್ವ' ಅಂದ್ಲು. ಅಷ್ಟೇ ಅಂದಿದ್ದು," ಎನ್ನುವಾಗ ಅವರ ದನಿ ಇಳಿಯುತ್ತದೆ.

ಎಂಬತ್ತೊಂದರಲ್ಲಿ ಸಲೀಮಾ ಎಂಬ ಹುಡುಗಿ ಶಾಲೆ ಬಿಟ್ಟಳು. ತಾಯಿ ಕುಲ್ಸುಂ ಬೀ ವಿಧವೆ, ಬೀಡಿ ಕಟ್ಟುತ್ತಿದ್ದರು. ವರ್ಷದ ತಂಗಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. "ಕೂಸನ್ನೂ ಎತ್ಕಂಡು ಬಾ," ಎಂದರು ಚಿಕ್ಕಗಂಗಮ್ಮ. ಮರುದಿನದಿಂದ ಕೂಸು ಅವರ ಸೊಂಟದ ಮೇಲೆ, ಸಲೀಮಾ ಕ್ಲಾಸಿನಲ್ಲಿ.

ಹೆಡ್‌ಮಾಸ್ತರರು ರೇಗಿದರು: "ಇದು ಹೈಸ್ಕೂಲೋ, ಶಿಶುವಿಹಾರವೋ?"

"ಕೂಸು ಅತ್ತು ಪಾಠ ಕೆಟ್ರೆ ನನ್ನ ಕೆಲ್ಸದಿಂದ ತೆಗೀರಿ ಸಾರ್. ಹುಡುಗಿ ಹೆಸ್ರು ಮಾತ್ರ ತೆಗೀಬ್ಯಾಡಿ."

ಹೆಡ್‌ಮಾಸ್ತರರು ಹೆಸರು ತೆಗೆಯಲಿಲ್ಲ. ಎರಡು ವರ್ಷ ಹಾಗೇ ನಡೆಯಿತು. ಸಲೀಮಾ ಎಸ್ಸೆಸ್ಸೆಲ್ಸಿ ಮುಗಿಸಿ, ತುಮಕೂರಿನಲ್ಲಿ ತರಬೇತಿ ಪಡೆದು, ಈಗ ಕುಣಿಗಲ್‌ನ ಪ್ರೈಮರಿ ಶಾಲೆಯೊಂದರಲ್ಲಿ ಮೇಡಂ. ಅಂದು ನೌಕರಿ ಹೋಗಿದ್ದರೆ ಚಿಕ್ಕಗಂಗಮ್ಮನವರ ಒಲೆಯೇ ಉರಿಯುತ್ತಿರಲಿಲ್ಲ.

ನಿವೃತ್ತಿಗೆ ಇನ್ನೆರಡು ವರ್ಷ. ಏನಾದರೂ ಆಸೆ ಉಂಟೇ ಎಂದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ನಾನು ಹೋಗೋ ವರ್ಷ ಹತ್ತನೇ ಕ್ಲಾಸಿನೋರು ಒಬ್ರೂ ಬಿಡ್ದಂಗೆ ಪರೀಕ್ಷೆಗೆ ಕೂರ್ಬೇಕು. ಪಾಸೋ ಫೇಲೋ ಅವರಿಗೆ ಬುಟ್ಟಿದ್ದು. ಬೆಂಚು ಖಾಲಿ ಇರಬಾರ್ದು, ಅಷ್ಟೇಯ."