ನಾ ಹೇಳದ ಗಂಟು

ಹತ್ತೊಂಬತ್ನೂರಾ ಇಪ್ಪತ್ತರ ದಶಕದ ಮಾತು. ಖಾನಾಪುರದಿಂದ ಹನ್ನೊಂದನೇ ವಯಸ್ಸಿಗೆ ಶಹಾಪುರದ ನೇಕಾರರ ಮನಿಗೆ ಸೊಸಿಯಾಗಿ ಬಂದಾಕಿ ನಾನು. ಅತ್ತಿ ಬಾಯಿ ಭಾಳ ಜೋರು. ನನ್ನ ರೊಟ್ಟಿ ನೋಡಿ, "ಇದೇನು ನಿಮ್ಮೂರಿನ ನಕಾಶೇನ?" ಅಂತ ಚ್ಯಾಷ್ಟಿ ಮಾಡತಿದ್ದಳು. ಆದರ ತನ್ನ ಮೊಲಿಯಾಗ ಗಂಟಾದಾಗ ಗಂಡಮಕ್ಕಳ ಮುಂದ ಬಾಯಿ ಬಿಡಲಿಲ್ಲ. ಮೊದಲ ಹೇಳಿದ್ದು ನನಗ.

ಆಗ ನನಗ ಹದಿನೇಳು. ಬೆಳಗಾವಿ ದವಾಖಾನಿಯೊಳಗ ಕೊಯ್ದು ತಗದರು. ಆಮ್ಯಾಲ ಮುಂಬಯಿಗೆ ಕರಕೊಂಡು ಹೋಗಿ ಎಕ್ಸರೇ ಮಷೀನಿನ ಬೆಳಕು ಕೊಡಿಸಿದರು. ಚರ್ಮ ಸುಟ್ಟು ಕರ್ರಗಾತು. ಗಂಟು ಹೊಳ್ಳಿ ಬರತೈತೇನ್ರಿ ಅಂತ ಕೇಳಿದರ ಡಾಕ್ಟರು, "ಖಾತ್ರಿ ಹೇಳಾಕ ಆಗೂದಿಲ್ಲವ್ವಾ. ಕಂಕಳಾಗ, ಕೊರಳ ಎಲುಬಿನ ಮ್ಯಾಲ ತಿಂಗಳಿಗೊಮ್ಮೆ ಮುಟ್ಟಿ ನೋಡ್ರಿ. ಎರಡು ವರ್ಷ ಏನೂ ಕಾಣಲಿಲ್ಲಂದರ ಆಶಾ ಇಡಬಹುದು. ಕಂಡರ ತಡಾ ಮಾಡದ ಬರ್ರಿ," ಅಂದರು. ಆ ಕೆಲಸ ನನ್ನ ಪಾಲಿಗೆ ಬಂತು. ಎಣ್ಣಿ ಹಚ್ಚಿ ಎರಿಯೋ ಮುಂದ ಬಚ್ಚಲ ಬಾಗಿಲಾ ಹಾಕ್ಕೊಂಡು ನೋಡತಿದ್ದೆ.

ತೊಡಕಿದ್ದದ್ದು ನಾದಿನಿದು. ಹತ್ತು ವರ್ಷದ ಹುಡುಗಿ, ನಾಕನೇ ಇಯತ್ತೆ ಕಲೀತಿದ್ದಳು. ಖಾನಾಪುರದಿಂದ ಹೆಂಡತಿ ಸತ್ತವನ ಸಂಬಂಧ ಬಂದಿತ್ತು. "ಗಂಟು ಹೊಳ್ಳಿ ಬಂದರ ಈ ವರ್ಷನ ಅಕ್ಕಿಕಾಳು ಹಾಕಿಬಿಡತೀನಿ. ಕಣ್ಣು ಮುಚ್ಚೂದರಾಗ ಮಗಳ ಮದವಿ ನೋಡಬೇಕು. ಬರಲಿಲ್ಲಂದರ ಸಾಲಿ ಕಲೀಲಿ," ಅಂದಿದ್ದಳು ಅತ್ತಿ. ನನ್ನ ತವರೂರಿನ ಆ ವರನನ್ನ ನಾ ಬಲ್ಲೆ. ಮೀಸಿ ನರತಿತ್ತು. ಅವನ ಮಾರಿಗಿಷ್ಟು ಬೆಂಕಿ ಹಚ್ಚಲಿ!

ನಾ ಮುಟ್ಟಿ ನೋಡಾಕ ಹತ್ತಿದ ಒಂಬತ್ತನೇ ತಿಂಗಳು ಕೊರಳ ಎಲುಬಿನ ಮ್ಯಾಲ ತೊಗರಿಕಾಳಿನಷ್ಟು ಗಂಟು ಬೆರಳಿಗೆ ಹತ್ತಿತು.

"ಏನರ ಐತೇನ?" ಅಂದಳು ಅತ್ತಿ.

"ಏನೂ ಇಲ್ಲ ಬಿಡ್ರಿ," ಅಂದೆ.

ಮುಂದಿನ ತಿಂಗಳೂ ಅದನ ಸುಳ್ಳು. ಅತ್ತಿ ಜೀವಕ್ಕಿಂತ ಆ ಹುಡುಗಿ ಸಾಲಿ ಹೆಚ್ಚಾತೇನು? ನನ್ನ ಮ್ಯಾಲ ನನಗ ಹೇಸಿಗಿ ಬಂತು.

ಮೂರನೇ ತಿಂಗಳು ತಡೀಲಾರದ ಅತ್ತು, ಗಂಟು ಸಿಕ್ಕದ್ದು, ನಾದಿನಿ ಮದವಿಗೆ ಅಂಜಿ ಮುಚ್ಚಿಟ್ಟದ್ದು, ಎಲ್ಲಾ ಹೇಳಿಬಿಟ್ಟೆ. ಬೈತಾಳ, ಇಲ್ಲಾ ಹೊಡೀತಾಳ ಅಂತ ತಯಾರಾಗಿ ನಿಂತಿದ್ದೆ.

"ಹುಚ್ಚಿ, ನನ್ನ ಕೊರಳು ನನಗ ಗೊತ್ತಿಲ್ಲೇನ?" ಅಂದಳು. "ನಿನಗಿಂತ ಮೊದಲ ನನಗ ಸಿಕ್ಕಿತ್ತು. ಅಂಜಿಕಿ ಆತು. ನೀನ ಹೇಳಲಿ ಅಂತ ಕುಂತೆ. ನೀ ಹೇಳಲಿಲ್ಲ." ಆಮ್ಯಾಲ ಸಣ್ಣ ದನೀಲೆ ಕೇಳಿದಳು: "ಹನ್ನೊಂದಕ್ಕ ಈ ಮನಿಗೆ ಬಂದು ನಿನಗ ಅಷ್ಟು ತ್ರಾಸ ಆಗಿತ್ತೇನ?"

"ಹೂಂ ರೀ," ಅಂದೆ.

ಮರುದಿನ ಮುಂಜಾನೆ ಆ ಸಂಬಂಧ ಒಲ್ಲೆವಂತ ಹೇಳಿ ಕಳಿಸಿದಳು. ಅದಾದ ಮ್ಯಾಲ ದವಾಖಾನಿಗೆ ಹೋದಿವಿ. ಡಾಕ್ಟರು ಕೈ ಚೆಲ್ಲಿದರು. ಅತ್ತಿ ತೀರಿಕೊಂಡಾಗ ನಾದಿನಿ ಐದನೇ ಇಯತ್ತೆಯೊಳಗಿದ್ದಳು. ಎರಡು ತಿಂಗಳು ಮೊದಲ ಹೇಳಿದ್ದರ ಅತ್ತಿ ಉಳೀತಿದ್ದಳೇನು ಅಂತ ಡಾಕ್ಟರಿಗೆ ಕೇಳೋ ಧೈರ್ಯ ನನಗ ಆಗಲಿಲ್ಲ.