ಶರಣಪ್ಪನವರ ಜೂಮ್ ಲೆನ್ಸಿನೊಂದಿಗೆ ಮುಂಡರಗಿಗೆ

ಗದಗ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ತುಮಕೂರಿನಿಂದ ರಾತ್ರಿಯಿಡೀ ಬೆನ್ನುಚೀಲವನ್ನು ತಬ್ಬಿಕೊಂಡೇ ಬಂದಿದ್ದೆ. ಅದರಲ್ಲಿ ನನ್ನ ಕ್ಯಾಮೆರಾ, ಅದರ ಸಣ್ಣ ಲೆನ್ಸ್, ಜೊತೆಗೆ ಟವೆಲಿನಲ್ಲಿ ಸುತ್ತಿದ ಉದ್ದನೆಯ ಜೂಮ್ ಲೆನ್ಸ್ ಇದ್ದವು. ಜೂಮ್ ನನ್ನದಲ್ಲ, ಮುಂಡರಗಿಯ ಶರಣಪ್ಪನವರದು. ಅದನ್ನು ಅವರ ಕೈಗೇ ಕೊಟ್ಟು ಬರೋಣವೆಂದು ಹೊರಟಿದ್ದೆ.

ಅವರನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕ್ಯಾಮೆರಾ ಹುಚ್ಚಿನವರ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಆರೇಳು ವರ್ಷದ ಪರಿಚಯ, ಅಷ್ಟೇ. ಭಾನುವಾರ ಬಂತೆಂದರೆ ಎಲ್ಲರೂ ತಮಗಿಷ್ಟವಾದ ಒಂದೊಂದು ಫೋಟೊ ಹಾಕಿ, ಯಾವ ಲೆನ್ಸಿನದೆಂದು ಬರೆಯುತ್ತಿದ್ದೆವು. ಲೆನ್ಸುಗಳೂ ಕೊರಿಯರ್‌ನಲ್ಲಿ ಊರಿಂದೂರಿಗೆ ಓಡಾಡುತ್ತಿದ್ದವು. ನಮ್ಮ ಕಡೆ ಬಣ್ಣದ ಕೊಕ್ಕರೆಗಳು ಬಂದಿವೆ ಎಂದು ನಾನು ಬರೆದಾಗ ಶರಣಪ್ಪನವರು ಕೇಳದೆಯೇ ತಮ್ಮ ಜೂಮ್ ಕಳಿಸಿದ್ದರು. ಬರಬರುತ್ತ ಎಲ್ಲರೂ ಹೊಸ ಫೋನುಗಳ ಬೆನ್ನು ಹತ್ತಿದರು. ಗುಂಪಿನಲ್ಲಿ ಫೋಟೊ ಹಾಕುವವರು ನಾವಿಬ್ಬರೇ ಉಳಿದೆವು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು, ಮನೆಯಲ್ಲಿ ಒಬ್ಬಳೇ. ಭಾನುವಾರ ಬೆಳಿಗ್ಗೆ ಅವರ ಫೋಟೊ ಬರುವುದನ್ನೇ ಕಾಯುತ್ತಿದ್ದೆ. ದಸರೆಯಾದ ಮೇಲೆ ಅದೂ ನಿಂತುಹೋಗಿತ್ತು.

ಬರುತ್ತೇನೆಂದು ಫೋನ್ ಮಾಡಿದಾಗ, ‘ಲಕ್ಷ್ಮೇಶ್ವರಕ್ಕ ಬರ್ರಿ, ಅಲ್ಲೇ ಕೂಡೂಣು’ ಎಂದಿದ್ದರು. ಗದಗದ ಬಸ್ ನಿಲ್ದಾಣದ ಎದುರು ಬಿಸಿ ಮಿರ್ಚಿ ಬಜ್ಜಿ ತಿಂದು ಬಸ್ಸು ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ದಾರಿಯುದ್ದಕ್ಕೂ ಕರಿ ಹೊಲ, ಜೋಳ, ಕಡಲೆ.

ಲಕ್ಷ್ಮೇಶ್ವರದಲ್ಲಿ ಇಳಿಯುವಷ್ಟರಲ್ಲಿ ಅವರ ಫೋನು ಬಂತು. ‘ಬರಾಕ ಆಗ್ಲಿಲ್ರಿ ಅಕ್ಕಾರ. ತಪ್ಪ ತಿಳ್ಕೋಬ್ಯಾಡ್ರಿ. ನೀವ ಮುಂಡರಗಿಗೆ ಬಂದಬಿಡ್ರಿ.’ ಕಾರಣ ಹೇಳಲಿಲ್ಲ. ಸೋಮೇಶ್ವರ ಗುಡಿಯನ್ನು ಒಬ್ಬಳೇ ಸುತ್ತಿದೆ. ಕಂಬದ ಮೇಲೆ ಓರೆಯಾಗಿ ಬಿದ್ದ ಬಿಸಿಲಿನದೊಂದು ಚೆಂದದ ಫೋಟೊ ಸಿಕ್ಕಿತು. ಖುಷಿಯಲ್ಲಿ ತೋರಿಸಲೆಂದು ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿದೆ. ನೋಡಲು ಅಲ್ಲಿ ಯಾರೂ ಇರಲಿಲ್ಲ.

ಶಿರಹಟ್ಟಿಯಲ್ಲಿ ಮುಂಡರಗಿ ಬಸ್ಸಿಗೆ ಬಹಳ ಹೊತ್ತು ಕಾದೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿ, ‘ಒಬ್ಬಾಕಿನ ಬಂದೀಯೇನವಾ?’ ಎಂದಳು. ಹೌದೆಂದೆ. ‘ಯಾರ ಮನಿಗೆ?’ ಎಂದು ಕೇಳಿದಳು. ನೆಂಟರಲ್ಲ, ಓದಿದ ಕಾಲದ ಗೆಳೆಯರೂ ಅಲ್ಲ. ‘ಪರಿಚಯದವರು’ ಎಂದೆ.

ಮುಂಡರಗಿ ನಿಲ್ದಾಣಕ್ಕೆ ಶರಣಪ್ಪನವರು ಹೆಂಡತಿ ನೀಲವ್ವನೊಂದಿಗೆ ಬಂದಿದ್ದರು. ಅರವತ್ತು ದಾಟಿದ ಎತ್ತರದ ಮನುಷ್ಯ. ನೀಲವ್ವ ಕೈಮುಗಿದರು, ಅವರು ಬರೀ ತಲೆಯಾಡಿಸಿದರು. ಮನೆಯಲ್ಲಿ ಶರಣಪ್ಪನವರು ಚಹಾದ ಕಪ್ಪು ಎತ್ತಿದಾಗ ಗೊತ್ತಾಯಿತು. ಅರ್ಧ ಚಹಾ ಸಾಸರಿಗೆ ಚೆಲ್ಲಿತು.

‘ವರ್ಷದ ಮ್ಯಾಲಾತ್ರಿ ಹಿಂಗ ಕೈ ನಡಗಾಕ ಹತ್ತಿ,’ ಎಂದರು. ‘ಗುಳಗಿ ತಗೊಳ್ಳಾಕತ್ತೀನಿ. ಅದಕ್ಕ ಲಕ್ಷ್ಮೇಶ್ವರಕ್ಕೂ ಬರಾಕ ಧೈರ್ಯ ಸಾಲಲಿಲ್ಲ. ಆ ಜೂಮ್ ನಿಮಗ ಕಳಿಸಿದ್ದು ದೊಡ್ಡಸ್ತಿಕಿಗಲ್ರಿ. ಮನ್ಯಾಗ ಕಣ್ಣಿಗೆ ಬಿದ್ರ ಸಂಕಟ ಆಗ್ತಿತ್ತು.’

‘ಮತ್ತೆ ಆಮೇಲೆ ಹಾಕಿದ ಫೋಟೊಗಳು?’

‘ಎಲ್ಲಾ ಹಳೇವ್ರಿ. ಅವೂ ತೀರಿದ್ವು.’

ಲ್ಯಾಬಿಗೆ ಬರುವ ಇಂಥ ಎಷ್ಟೋ ಜನರಿಗೆ ದಿನವೂ ಧೈರ್ಯ ಹೇಳುವವಳು ನಾನು. ಅಲ್ಲಿ ಮಾತ್ರ ಟವೆಲು ಬಿಚ್ಚದೆ ಜೂಮನ್ನು ಮಡಿಲಲ್ಲೇ ಇಟ್ಟುಕೊಂಡು ಕುಳಿತೆ. ನೀಲವ್ವ ಕಪ್ಪುಗಳನ್ನೆತ್ತುತ್ತ ಗಂಡನಿಗೆ ಹೇಳಿದರು. ‘ಇಲ್ಲೀತನಕ ಬಂದಾರ, ಗುಡ್ಡನಾರ ತೋರಿಸ್ರಿ.’

ಬಿಸಿಲು ಇಳಿದ ಮೇಲೆ ಮೂವರೂ ಆಟೊದಲ್ಲಿ ಕಪ್ಪತಗುಡ್ಡದ ಬುಡಕ್ಕೆ ಹೋದೆವು. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಸಣ್ಣ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಶರಣಪ್ಪನವರ ಮುಂದೆ ಹಿಡಿದೆ. ‘ಬ್ಯಾಡ್ರಿ, ಬೀಳಸ್ತೀನಿ’ ಎಂದು ಹಿಂದೆ ಸರಿದರು. ನೀಲವ್ವ ಬಂದು ಅವರ ಮುಂದೆ ಬೆನ್ನು ಮಾಡಿ ನಿಂತರು. ‘ನನ್ನ ಹೆಗಲ ಮ್ಯಾಲ ಇಡ್ರಿ. ಉಸರ ಬಿಡೂದಿಲ್ಲ, ತೆಗೀರಿ.’

ಮೊದಲಿನವು ಮಸುಕಾದವು. ಕೈ ಅಲುಗಿದರೂ ಮಸುಕಾಗದಂತೆ ಷಟರ್ ವೇಗ ಇನ್ನಷ್ಟು ಹೆಚ್ಚಿಸಿಕೊಟ್ಟೆ. ಅವರು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು.

‘ಗುಡ್ಡ ತೆಗೀರಿ ಶರಣಪ್ಪನವರೇ,’ ಎಂದೆ.

‘ಗುಡ್ಡ ಎಲ್ಲಿಗೂ ಹೋಗೂದಿಲ್ರಿ. ನೀವು ನಾಳೆ ಹೋಗ್ತೀರಿ.’

ಫೋಟೊದಲ್ಲಿ ಗುಡ್ಡ ಒಂದು ಕಡೆಗೆ ವಾಲಿತ್ತು, ನನ್ನ ಮುಖ ಮಾತ್ರ ಸ್ಪಷ್ಟವಾಗಿತ್ತು. ಸುತ್ತ ಹುಲ್ಲು, ನಡುವೆ ಬಾಯಿ ತೆರೆದು ನಗುತ್ತಿರುವ ನರೆಗೂದಲ ಹೆಂಗಸು. ಆಸ್ಪತ್ರೆಯ ಗುರುತಿನ ಚೀಟಿಗೆ ಬಿಟ್ಟರೆ ಯಾರಾದರೂ ನನ್ನ ಫೋಟೊ ತೆಗೆದು ಎಷ್ಟು ಕಾಲವಾಗಿತ್ತೋ. ಉಸಿರು ಬಿಟ್ಟ ನೀಲವ್ವ ಪರದೆಯ ಮೇಲೆ ಬಗ್ಗಿ, ‘ಚಲೋ ಬಂದೈತಿ’ ಎಂದರು. ಶರಣಪ್ಪನವರು ಅದನ್ನೇ ನೋಡುತ್ತ ನಿಂತರು.

ಆ ರಾತ್ರಿ ಅವರ ಮನೆಯಲ್ಲೇ ಉಳಿದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅಷ್ಟು ವರ್ಷ ಬರೆದುಕೊಂಡ ನಮಗೆ ಎದುರುಬದುರು ಕುಳಿತಾಗ ಹೇಳಲು ಅಷ್ಟೇನೂ ಇರಲಿಲ್ಲ. ಬೆಳಿಗ್ಗೆ ಜೂಮ್ ಎತ್ತಿಕೊಟ್ಟರೆ ಶರಣಪ್ಪನವರು ತೆಗೆದುಕೊಳ್ಳಲಿಲ್ಲ. ‘ನಿಮ್ಮ ಕೊಕ್ಕರಿ ತೆಗೀರಿ. ಅದು ದುಡೀಲಿ,’ ಎಂದು ಒಳಗೆ ಹೋಗಿಬಿಟ್ಟರು. ನೀಲವ್ವ ನನ್ನ ಚೀಲದಲ್ಲಿ ಜೂಮಿನ ಪಕ್ಕಕ್ಕೆ ರೊಟ್ಟಿ ಕಟ್ಟಿಟ್ಟರು.

ಗದಗದ ಬಸ್ಸು ಹೊರಟಾಗ ಹಿಂದಿನ ಸೀಟಿನಿಂದ ತಿರುಗಿ ನೋಡಿದೆ. ಕಳಿಸಿಕೊಡಲು ಬಂದಿದ್ದ ಶರಣಪ್ಪನವರು ಒಂದು ಕೈ ಮೇಲೆತ್ತಿದ್ದರು. ಬೀಸುತ್ತಿದ್ದರೋ, ತಾನಾಗಿಯೇ ನಡುಗುತ್ತಿತ್ತೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಬಸ್ಸು ತಿರುಗಿ ಅವರು ಮರೆಯಾಗುವವರೆಗೆ ನಾನೂ ಕೈ ಬೀಸುತ್ತಲೇ ಇದ್ದೆ.